ಮಲೆನಾಡಿನ ಮಳೆಗಾಲದಲ್ಲಿ ಇಟಾಲಿಯನ್ ಬರೆಯಲು ಮರದ ಬ್ರೈಲ್ ಸ್ಲೇಟು

ಉಬ್ಬು ಚುಕ್ಕೆಗಳನ್ನು ಬೆರಳಿನಿಂದ ಓದುವ ಕನ್ನಡ ಬ್ರೈಲ್ ಲಿಪಿ ಬಲ್ಲವರು ಇಟಾಲಿಯನ್ ಕಲಿಯಲು ಹೊರಟರೆ ಮೊದಲು ಕೊಳ್ಳಬೇಕಾದದ್ದು ಪಟ್ಟಿ ಸರಿಸುವ ಮರದ ಸ್ಲೇಟು. ಅಗ್ಗ, ಹಗುರ, ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆ ಅದು ಸರಿಯಾಗಿ ಕೆಲಸ ಮಾಡುವುದೂ ಬಿಡುವುದೂ ಕಾಗದದ ಮೇಲೆ ನಿಂತಿದೆ.

ಹಲಗೆ, ಅದರ ತಲೆಯಲ್ಲಿ ಕಾಗದ ಹಿಡಿಯುವ ಕ್ಲಿಪ್, ಎರಡು ಸಾಲಿನ ಲೋಹದ ಪಟ್ಟಿ, ಚುಕ್ಕೆ ಒತ್ತುವ ಮೊನೆಯ ಸ್ಟೈಲಸ್, ಇಷ್ಟೇ ಸಾಮಾನು. ಪಟ್ಟಿಯ ಮೇಲ್ಭಾಗದಲ್ಲಿ ಕಿಟಕಿಗಳು, ಕೆಳಭಾಗದಲ್ಲಿ ಪ್ರತಿ ಕಿಟಕಿಗೂ ಆರು ಕುಳಿ. ಎರಡು ಸಾಲು ಮುಗಿದಾಗ ಪಟ್ಟಿಯನ್ನು ಎತ್ತಿ, ಅದರ ಗೂಟಗಳನ್ನು ಹಲಗೆಯಂಚಿನ ಮುಂದಿನ ತೂತುಗಳಲ್ಲಿ ಕೂರಿಸಬೇಕು. ಕೊಳ್ಳುವಾಗ ಒಂದು ಕಾಗದ ಸಿಕ್ಕಿಸಿ, ಮೊದಲ ಮತ್ತು ಕೊನೆಯ ಕಿಟಕಿಯಲ್ಲಿ ಆರೂ ಚುಕ್ಕೆ ಒತ್ತಿ ನೋಡಿ. ಚುಕ್ಕೆಯಿಂದ ಚುಕ್ಕೆಗೆ ಅಂತರ ಸುಮಾರು 2.5 ಮಿಮೀ ಮಾತ್ರ. ಮೇಲಿನದೂ ಕೆಳಗಿನದೂ ಸ್ವಲ್ಪ ಸರಿದಿದ್ದರೆ ಚುಕ್ಕೆ ಉಬ್ಬದೆ ಕಾಗದ ತೂತಾಗುತ್ತದೆ. ಅಂಥದ್ದನ್ನು ವಾಪಸು ಕೊಡಿ, ಬಳಸುತ್ತ ಅದು ಸರಿಹೋಗುವುದಿಲ್ಲ.

ಇಟಾಲಿಯನ್ ಬ್ರೈಲ್‌ನಲ್ಲಿ ಪದಗಳನ್ನು ಅಕ್ಷರಕ್ಷರವಾಗಿ ಬಿಡಿಸಿಯೇ ಬರೆಯುತ್ತಾರೆ. ಇಂಗ್ಲಿಷಿನಲ್ಲಿರುವಂಥ ಸಂಕ್ಷೇಪಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗಾಗಿ 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಓದಿದ ಬೆರಳಿಗೆ ತ, ದ, ನ, ಪ, ಮ, ರ, ಲ ಎಲ್ಲ ಅದೇ ಚುಕ್ಕೆಗಳಲ್ಲಿ ಸಿಗುತ್ತವೆ. ತೊಡಕಿರುವುದು ಪದದ ಕೊನೆಯಲ್ಲಿ ಬರುವ ಸ್ವರಭಾರದ ಅಕ್ಷರಗಳಲ್ಲಿ. ಆರು ಚುಕ್ಕೆಯ ಒಂದು ಸೆಲ್‌ನಲ್ಲಿ ಎಡಸಾಲಿನ ಚುಕ್ಕೆಗಳು ಮೇಲಿನಿಂದ 1, 2, 3, ಬಲಸಾಲಿನವು 4, 5, 6. ಬಾಯಿ ಅಗಲಿಸಿ ಹೇಳುವ ತೆರೆದ ಎ (è) 2-3-4-6, ಅದು ನಮಗೆ ಧ. ಮುಚ್ಚಿದ ಎ (é) ಆರೂ ಚುಕ್ಕೆ, ನಮಗೆ ಢ. ಭಾರದ ಇ 3-4, ಅಂದರೆ ಐ. ಒ 3-4-6, ಅಂದರೆ ಙ. ಉ 2-3-4-5-6, ಅಂದರೆ ಟ. ಆ 1-2-3-5-6. ದೊಡ್ಡಕ್ಷರದ ಮುಂದಿನ ಗುರುತು 4-6, ಅದನ್ನು ನಮ್ಮ ಬೆರಳು ಖ ಎಂದೇ ಓದುತ್ತದೆ. ಮೊದಮೊದಲು ಇವನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ತಿದ್ದುವುದು ಒಳ್ಳೆಯದು.

ಚುಕ್ಕೆ ಕಾಗದದ ಹಿಂಬದಿಯಲ್ಲಿ ಉಬ್ಬುವುದರಿಂದ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಒತ್ತುತ್ತೇವಲ್ಲ, ಇಟಾಲಿಯನ್‌ಗೆ ಅದು ಇನ್ನಷ್ಟು ಎಚ್ಚರ ಬೇಡುತ್ತದೆ. ಭಾರದ ಆ ಮತ್ತು ಉ ಒಂದಕ್ಕೊಂದು ಕನ್ನಡಿ ರೂಪ. ಬದಿ ತಪ್ಪಿದರೆ 'ನಗರ' ಎಂಬರ್ಥದ ಚಿತ್ತಾ ಪದ ಚಿತ್ತೂ ಆಗುತ್ತದೆ. ಭಾರದ ಒ ತಪ್ಪಿದರೆ ಬರಿಯ ಉ, ತೆರೆದ ಎ ತಪ್ಪಿದರೆ ಜ಼ೆಡ್. ಯಾವುದೂ ಅರ್ಥವಿಲ್ಲದ ಚುಕ್ಕೆಯಾಗಿ ಕಾಣುವುದಿಲ್ಲವಾದ್ದರಿಂದ ತಪ್ಪು ಬೆರಳಿಗೆ ಬೇಗ ಸಿಗದು. ಆರೂ ಚುಕ್ಕೆ ಒತ್ತಿ ತಪ್ಪನ್ನು ಹೊಡೆದುಹಾಕುವ ರೂಢಿಯನ್ನೂ ಇಲ್ಲಿ ಬಿಡಲೇಬೇಕು, ಏಕೆಂದರೆ ಅದು ಮುಚ್ಚಿದ ಎ ಆಗಿಬಿಡುತ್ತದೆ. ಕಾಗದ ಹೊರಳಿಸಿ, ಉಬ್ಬಿದ ಚುಕ್ಕೆಯನ್ನು ಮೊಂಡು ಕಡ್ಡಿಯಿಂದ ಅದುಮಿ, ಮತ್ತೆ ಬರೆಯಿರಿ.

ಈಗ ಮಳೆಯ ವಿಷಯ. ಆಷಾಢ, ಶ್ರಾವಣದ ತಂಡಿಗೆ ಕಾಗದ ಮೆತ್ತಗಾಗುತ್ತದೆ. ಒತ್ತಿದ ಚುಕ್ಕೆ ಓದುವಷ್ಟರಲ್ಲಿ ಚಪ್ಪಟೆ, ಆರು ಚುಕ್ಕೆಯ ಸೆಲ್‌ನಲ್ಲಂತೂ ನಡುವಿನ ಕಾಗದವೇ ಹರಿಯುತ್ತದೆ. ಶಾಲೆಯ ಡ್ರಾಯಿಂಗ್ ಹಾಳೆ ಸಾಲದು. 120ರಿಂದ 140 ಜಿಎಸ್ಎಮ್‌ನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಬ್ರೈಲ್ ಕಾಗದವನ್ನೇ ತರಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಆ ಹೊತ್ತಿಗೆ ಬೇಕಾದಷ್ಟೇ ಹಾಳೆ ಹೊರತೆಗೆಯಿರಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಅಲ್ಲಿ ಕಾಗದ ಅತಿಯಾಗಿ ಒಣಗಿ, ಚುಕ್ಕೆಯ ತುದಿ ಬಿರಿಯುತ್ತದೆ. ಬರೆದ ಹಾಳೆಗಳನ್ನು ನಿಲ್ಲಿಸಿ ಜೋಡಿಸಿ, ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಅಡಿಯವು ಚಪ್ಪಟೆಯಾಗುತ್ತವೆ.

ಹಲಗೆಯ ತೂತುಗಳೂ ತೇವಕ್ಕೆ ಊದಿಕೊಂಡು ಗೂಟ ಬಿಗಿಯಾಗುತ್ತದೆ. ಬಲವಾಗಿ ಎಳೆದರೆ ಪಟ್ಟಿ ಬಾಗಿ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಸಣ್ಣ ಕಡ್ಡಿಗೆ ಮರಳುಕಾಗದ ಸುತ್ತಿ ತೂತನ್ನು ಮೆಲ್ಲಗೆ ಉಜ್ಜಿದರೆ ಸಾಕು. ಸ್ಟೈಲಸ್‌ನ ತುದಿಗೆ ತುಕ್ಕು ಬರದಂತೆ ಒಣಬಟ್ಟೆಯಿಂದ ಒರೆಸಿ. ಎಣ್ಣೆ ಹಚ್ಚಿದರೆ ಕಲೆ ಕಾಗದಕ್ಕೆ ಅಂಟುತ್ತದೆ.

ಕೀಲಿ ಒತ್ತಿ ಬ್ರೈಲ್ ಬರೆಯುವ ಪರ್ಕಿನ್ಸ್ ಯಂತ್ರದಲ್ಲಿ ಕನ್ನಡಿಯ ಗೊಂದಲವಿಲ್ಲ, ಒತ್ತಿದ ತಕ್ಷಣ ಓದಲೂಬಹುದು. ತೂಕ ಮಾತ್ರ 5 ಕೆಜಿ ಹತ್ತಿರ, ಬೆಲೆ ಸ್ಲೇಟಿನ ಹತ್ತಾರು ಪಟ್ಟು. ದಿನವೂ ಪುಟಗಟ್ಟಲೆ ಬರೆಯುವವರು ಅದನ್ನು ಯೋಚಿಸಲಿ. ಪದ, ಪಾಠ, ಚಿಕ್ಕ ಟಿಪ್ಪಣಿಗೆ ಮರದ ಸ್ಲೇಟು ಸಾಕು, ಉಳಿದ ಹಣದಲ್ಲಿ ಒಳ್ಳೆಯ ಕಾಗದ ತನ್ನಿ.