ಮೂರು ಕಡಗ, ಒಂದು ಹಲ್ಲುಕಡ್ಡಿ

ಕಿಣಿಕಿಣಿ ಸದ್ದು ಬೇಕೆನ್ನುವವರು ತವರದ ಈ ಬಳೆಗಳ ತಂಟೆಗೆ ಹೋಗಬೇಡಿ. ಮೂರನ್ನೂ ಒಂದೇ ಕೈಗೆ ತೊಟ್ಟು ಅಲ್ಲಾಡಿಸಿದರೂ ಮರದ ಸೌಟು ಒಲೆಕಟ್ಟೆಗೆ ತಾಗಿದಂತೆ ಟೊಕ್ ಎನ್ನುತ್ತವೆ, ಅಷ್ಟೇ. ನಮ್ಮ ಮನೆಯವರು ಮೊದಲ ವಾರ ಎರಡು ಸಲ ಬೆಚ್ಚಿಬಿದ್ದರು. ನಾನು ಅಡುಗೆಮನೆಯಿಂದ ಬಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲವಂತೆ. ಮೂವತ್ತೆಂಟು ವರ್ಷ ಗಾಜಿನ ಬಳೆಯ ಸದ್ದಿನಲ್ಲೇ ನನ್ನನ್ನು ಗುರುತಿಸಿದ ಮನುಷ್ಯ.

ಮಗಳು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನರ್ಸ್. ಬಾಣಂತನಕ್ಕೆಂದು ಹೋಗಿ ಐದು ತಿಂಗಳು ಇದ್ದೆ. ಒಂದು ಭಾನುವಾರ ಅಳಿಯಂದಿರು ಮಗುವನ್ನು ನೋಡಿಕೊಳ್ಳುತ್ತೇನೆಂದರು. ಅಮ್ಮ ಮಗಳು ಇಬ್ಬರೇ ರೈಲು ಹತ್ತಿ ಕಾರ್ನ್‌ವಾಲ್‌ನ ತುದಿಯ ಪೆನ್ಜಾನ್ಸ್‌ಗೆ ಹೋದೆವು. ದಾರಿಯಲ್ಲಿ ರೆಡ್ರುತ್, ಕ್ಯಾಮ್‌ಬೋರ್ನ್ ಎಂಬ ಊರುಗಳ ಸುತ್ತ ಹಳೆಯ ಗಣಿಗಳ ಹಾಳು ಬಿದ್ದ ಕಲ್ಲಿನ ಎಂಜಿನ್ ಮನೆಗಳು, ಪಕ್ಕದಲ್ಲೊಂದೊಂದು ಚಿಮಣಿ. ನಾನು ಕೆ.ಜಿ.ಎಫ್‌ನಲ್ಲಿ ಬೆಳೆದವಳು. ಅಪ್ಪ ಚಾಂಪಿಯನ್ ರೀಫ್ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್ ಆಗಿದ್ದರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೆಳಗೆ ನಮ್ಮ ಚಿನ್ನದ ಗಣಿಗೆ ಬಂದ ಬಿಳಿಯರಲ್ಲಿ ಬಹಳಷ್ಟು ಮಂದಿ ಈ ಕಡೆಯ ತವರದ ಗಣಿಯವರೇ. ಇಲ್ಲಿನ ದೊಡ್ಡ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ, ನಮ್ಮದು 2001ರಲ್ಲಿ. ಕಿಟಕಿಯಿಂದ ಆ ಚಿಮಣಿಗಳನ್ನು ನೋಡುತ್ತಾ ಮಗಳಿಗೆ ತಾತನ ಕತೆ ಹೇಳಹೊರಟೆ. ಅವಳಿಗೆ ನಿದ್ದೆ ಬಂದಿತ್ತು.

ಪೆನ್ಜಾನ್ಸ್‌ನ ಇಳಿಜಾರು ಬೀದಿಯೊಂದರಲ್ಲಿ ಆ ಅಂಗಡಿ. ಗಾಜಿನ ಪೆಟ್ಟಿಗೆಯ ತುಂಬ ಪ್ಯೂಟರ್ ಆಭರಣ. ಪ್ಯೂಟರ್ ಎಂದರೆ ಹೆಚ್ಚಿನ ಪಾಲು ತವರ. ಗಟ್ಟಿಯಾಗಲೆಂದು ಸ್ವಲ್ಪ ಆಂಟಿಮನಿ, ಸ್ವಲ್ಪ ತಾಮ್ರ. ಹಿಂದೆ ಸೀಸವನ್ನೂ ಬೆರೆಸುತ್ತಿದ್ದರು. ಇವು ಸೀಸವಿಲ್ಲದವು ಎಂದು ಚೀಟಿಯಲ್ಲಿ ಬರೆದಿತ್ತು. ನಾವು ತವರವನ್ನು ಕಂಡದ್ದು ಕಲಾಯಿಯವರ ಕೈಯಲ್ಲಿ: ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಉದುರಿಸಿ, ಕಡ್ಡಿಯನ್ನು ಮುಟ್ಟಿಸಿ, ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆಲ್ಲ ಬೆಳದಿಂಗಳು. ಅದೇ ಬಣ್ಣ ಈ ಬಳೆಗಳಿಗೆ. ಬೆಳ್ಳಿಗಿಂತ ಮಂಕು, ಅಲ್ಯೂಮಿನಿಯಂಗಿಂತ ಗಂಭೀರ. ತವರ ಇಲ್ಲಿಯದೇ ಏನಮ್ಮ ಎಂದು ಕೇಳಿದೆ. ಅಂಗಡಿಯ ಹುಡುಗಿ ನಕ್ಕು, ಈಗ ಎಲ್ಲ ಹೊರಗಿನದೇ, ಅಚ್ಚು ಮಾತ್ರ ನಮ್ಮದು ಎಂದಳು. ಆ ನಿಜಕ್ಕೇ ಮೂರು ಬಳೆ ಕೊಂಡೆ: 18, 24, 32 ಪೌಂಡ್.

ಮೂರೂ ಬಾಯಿ ತೆರೆದ ಕಡಗಗಳು. 18ರದ್ದು ಎರಡು ಎಳೆಯನ್ನು ಹಗ್ಗದಂತೆ ಹೊಸೆದದ್ದು, ತುದಿಗಳಲ್ಲಿ ಎರಡು ಮೃಗಮುಖ. ಬ್ರಿಟನ್, ಐರ್ಲೆಂಡ್ ಕಡೆಯ ಪ್ರಾಚೀನ ಜನರಾದ ಕೆಲ್ಟರು ಕುತ್ತಿಗೆಗೆ ಹಾಕುತ್ತಿದ್ದ ಟಾರ್ಕ್ ಎಂಬ ಹೊಸೆದ ಕಂಠಾಭರಣವನ್ನು ಕೈಯಳತೆಗೆ ಕುಗ್ಗಿಸಿದ್ದಾರೆ. ನಮ್ಮ ಮಕರಮುಖದ ಕಡಗಕ್ಕೆ ದೂರದ ನೆಂಟ ಎನ್ನಬಹುದು. 24ರದ್ದರ ಮೇಲೆ ಮೂರು ಸುರುಳಿಗಳ ಗುಂಪು ಸಾಲಾಗಿ ಬಂದಿದೆ. 32ರದ್ದು ಅಗಲವಾದ ಪಟ್ಟಿ, ಉದ್ದಕ್ಕೂ ಒಂದೇ ಎಳೆ ಹೆಣೆದುಕೊಂಡ ಗಂಟು. ನನ್ನ ಕಣ್ಣು ಬಿದ್ದದ್ದು ಅದರ ಮೇಲೆ, ನನ್ನ ತಕರಾರೂ ಅದರ ಮೇಲೆಯೇ.

ನಾನು ಡ್ರಾಯಿಂಗ್ ಟೀಚರ್ ಆಗಿದ್ದವಳು, ಅದಕ್ಕೂ ಮೊದಲಿನಿಂದ ರಂಗೋಲಿ ಇಡುವವಳು. ಚುಕ್ಕಿಗಳನ್ನು ಬಳಸಿ ಎಳೆ ಹಾಯಿಸುವ ರಂಗೋಲಿಯಲ್ಲಿ ಎಳೆ ಎಲ್ಲಿ ಹೊರಟಿತೋ ಅಲ್ಲಿಗೇ ಬಂದು ಸೇರಬೇಕು. ಕೆಲ್ಟಿಕ್ ಗಂಟಿಗೆ ಇನ್ನೂ ಒಂದು ಕಟ್ಟುಪಾಡಿದೆ: ಎಳೆ ಒಂದು ಕಡೆ ಮೇಲೆ ಹಾದರೆ ಮುಂದಿನ ಅಡ್ಡಹಾದಿಯಲ್ಲಿ ಕೆಳಗೆ ಹಾಯಬೇಕು, ಮತ್ತೆ ಮೇಲೆ, ಮತ್ತೆ ಕೆಳಗೆ. ಆ ರಾತ್ರಿ ಮಗಳ ಊಟದ ಮೇಜಿನ ಮೇಲೆ ಕಡಗವಿಟ್ಟು, ಹಲ್ಲುಕಡ್ಡಿಯ ಮೊನೆಯನ್ನು ಎಳೆಯ ಮೇಲೆ ಜಾರಿಸುತ್ತಾ ಹೋದೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಹತ್ತನೆಯದು ಕೆಳಗೆ, ಹನ್ನೊಂದನೆಯದೂ ಕೆಳಗೆ! ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅಚ್ಚು ಕೆತ್ತಿದವರು ಅಲ್ಲಿ ಆಕಳಿಸಿದ್ದಾರೆ. ಎಡತುದಿಯ ಬಳಿ ಎಳೆ ಮರಳುವ ಬದಲು ಅಂಚಿಗೆ ಮುಟ್ಟಿ ನಿಂತೇ ಹೋಗಿದೆ. ಮಗಳು, “ಅಮ್ಮಾ, ಅದನ್ನು ಯಾರು ನೋಡುತ್ತಾರೆ?” ಎಂದಳು. ಬಾಗಿಲ ರಂಗೋಲಿಯ ಎಳೆ ಎಲ್ಲಿ ತಪ್ಪಿತೆಂದು ಎದುರುಮನೆಯವರು ನೋಡುವುದಿಲ್ಲವೇ?

ಮುಂದಿನ ವಾರ ಅಳಿಯಂದಿರು ಕಾರಿನಲ್ಲಿ ಸೇಂಟ್ ಕ್ಲಿಯರ್ ಎಂಬ ಹಳ್ಳಿಯ ಹತ್ತಿರ ಡೋನಿಯರ್ಟ್ ಅರಸನ ಕಲ್ಲನ್ನು ತೋರಿಸಿದರು. ಒಂಬತ್ತನೆಯ ಶತಮಾನದ ಶಿಲುಬೆಯ ತುಂಡು. ಡೋನಿಯರ್ಟ್ ತನ್ನ ಆತ್ಮಕ್ಕಾಗಿ ಬೇಡಿಕೊಂಡ ಎಂದು ಲ್ಯಾಟಿನ್‌ನಲ್ಲಿ ಬರೆದಿದೆ. ರಸ್ತೆಯ ಬದಿಯಲ್ಲಿ, ಬೇಲಿಯ ಪಕ್ಕ, ನಮ್ಮೂರ ವೀರಗಲ್ಲಿನಂತೆ ಮಳೆಗೆ ನೆನೆಯುತ್ತಾ ನಿಂತಿತ್ತು. ಅದರ ಬದಿಗಳಲ್ಲಿ ಇದೇ ಜಾತಿಯ ಹೆಣಿಗೆ. ಸಾವಿರ ವರ್ಷಕ್ಕೂ ಮಿಕ್ಕ ಮಳೆ ಗಾಳಿಯಲ್ಲಿ ಸವೆದಿದ್ದರೂ ಬೆರಳಿಟ್ಟರೆ ಎಳೆಯ ಏರಿಳಿತ ಸಿಕ್ಕಿತು. ಕಲ್ಲಿನಲ್ಲಿ ಉಳಿ ಹಿಡಿದವನಿಗೆ ಇದ್ದ ತಾಳ್ಮೆ ಮೆತ್ತನೆಯ ತವರದ ಅಚ್ಚು ಮಾಡಿದವರಿಗೆ ಇರಬೇಡವೇ?

ಇನ್ನು ಬಳೆಯ ಜೊತೆ ಕೊಡುವ ಅರ್ಥದ ಚೀಟಿ. ಮೂರು ಸುರುಳಿ ಕೆಲ್ಟರ ಪುರಾತನ ಚಿಹ್ನೆ, ಕನ್ಯೆ, ತಾಯಿ, ಮುದುಕಿ ಎಂಬ ಮೂರು ಅವಸ್ಥೆಗಳ ಸಂಕೇತ ಎಂದಿದೆ. ಅದರ ಹೆಸರಾಂತ ಮಾದರಿ ಇರುವುದು ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ಒಳಗೋಡೆಯಲ್ಲಿ. ಅದು ಸುಮಾರು 5,200 ವರ್ಷ ಹಿಂದಿನದು, ಕೆಲ್ಟರು ಎಂದು ಕರೆಯಬಹುದಾದ ಜನ ಅಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಎಷ್ಟೋ ಮೊದಲು ಕೊರೆದದ್ದು. ಕೊರೆದವರು ಅರ್ಥವನ್ನು ಬರೆದಿಟ್ಟು ಹೋಗಿಲ್ಲ. ಸುರುಳಿ ಚೆಂದವಿದೆ, ಅಷ್ಟು ಸಾಕು. ಚೀಟಿಯನ್ನು ದಿನಸಿ ಲೆಕ್ಕ ಬರೆಯಲು ಇಟ್ಟುಕೊಂಡಿದ್ದೇನೆ.

ತೊಡುವ ವಿಷಯಕ್ಕೆ ಬರುತ್ತೇನೆ. ನನ್ನ ಬಳೆ ಅಳತೆ 2.6, ಅಂದರೆ ಸುಮಾರು 60 ಮಿಲಿಮೀಟರ್ ಒಳವ್ಯಾಸ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬಳೆಗಾರ ಗೆಣ್ಣು ಒತ್ತಿ ಏರಿಸುವಂತೆ ಇದನ್ನು ಬೆರಳ ಕಡೆಯಿಂದ ಏರಿಸಬಾರದು. ಮಣಿಕಟ್ಟಿನ ಪಕ್ಕದಿಂದ ಒಂದು ತುದಿಯನ್ನು ಸೇರಿಸಿ, ಕೈಯನ್ನು ಹೊರಳಿಸಬೇಕು. ಪ್ರತಿ ಸಲ ಹಿಗ್ಗಿಸಿ ಕುಗ್ಗಿಸಿದರೆ ಲೋಹ ದಣಿದು ಸೀಳುತ್ತದೆ. ಚೀಟಿಯಲ್ಲಿದ್ದ ಒಂದೇ ಉಪಯೋಗದ ಮಾತು ಇದು, ಅದನ್ನೇ ನಾನು ಮರೆತೆ. ಊರಿಗೆ ಬಂದ ಮೇಲೆ ಒಂದು ಸೀಮಂತದಲ್ಲಿ ಅಗಲದ ಕಡಗ ಹತ್ತು ಹೆಂಗಸರ ಕೈ ದಾಟಿತು. ಹತ್ತೂ ಜನ ಎಳೆದರು, ಹತ್ತೂ ಜನ ಒತ್ತಿದರು. ಮನೆಗೆ ಬಂದು ನೋಡಿದರೆ ಒಳಮೈಯಲ್ಲಿ ಕೂದಲೆಳೆಯ ಬಿರುಕು.

ಬಂಗಾರಪೇಟೆಯಲ್ಲಿ ನಮಗೆ ಪರಿಚಯದ ಅಕ್ಕಸಾಲಿಗರಿದ್ದಾರೆ. ಕಡಗವನ್ನು ಉಗುರಿನಲ್ಲಿ ತಟ್ಟಿ ನೋಡಿ, “ಜರ್ಮನ್ ಸಿಲ್ವರ್ ಇರಬೇಕಮ್ಮಾ, ಒಂದು ಬೆಸುಗೆ ಹಾಕಿದರೆ ಸರಿಹೋಗುತ್ತದೆ” ಎಂದರು. ತವರ ಎಂದು ನಾನು ಬಾಯಿಬಿಡುವಷ್ಟರಲ್ಲಿ ಗ್ಯಾಸ್ ಟಾರ್ಚ್ ಹೊತ್ತಿತ್ತು. ಅವರು ಲೋಹ ಕೆಂಪಾಗಲೆಂದು ಕಾಯುತ್ತಿದ್ದರು. ಬೆಳ್ಳಿ ಕರಗಲು 960 ಡಿಗ್ರಿ ದಾಟಬೇಕು, ತವರಕ್ಕೆ 232 ಸಾಕು. ಅದು ಕೆಂಪಾಗುವ ಗೋಜಿಗೇ ಹೋಗುವುದಿಲ್ಲ. ಹೆಣಿಗೆ ಒಮ್ಮೆ ಕನ್ನಡಿಯಂತೆ ಹೊಳೆಯಿತು, ಹಳ್ಳಗಳಲ್ಲಿದ್ದ ಕಪ್ಪು ಮಾಯವಾಯಿತು, ಮರುಕ್ಷಣ ಅರ್ಧ ಕಡಗ ಇಟ್ಟಿಗೆಯ ಮೇಲೆ ದೋಸೆಹಿಟ್ಟಿನ ಹನಿಯಂತೆ ಕೂತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಕಾಫಿ ತರಿಸಿದರು. ಕರಗಿದ ಭಾಗದಲ್ಲೇ ಆ ಹತ್ತನೆಯ, ಹನ್ನೊಂದನೆಯ ಅಡ್ಡಹಾದಿಗಳೂ ಇದ್ದವು ಎಂಬುದನ್ನು ಅವರಿಗೆ ಹೇಳಲಿಲ್ಲ.

ಉಳಿದೆರಡು ಚೆನ್ನಾಗಿವೆ. ಏಳು ತಿಂಗಳಾದರೂ ಬೆಳ್ಳಿಯಂತೆ ಕಪ್ಪಾಗಿಲ್ಲ. ಹುಣಸೆಹಣ್ಣು ಬೇಡ, ಬೂದಿ ಬೇಡ. ಸೋಪಿನ ನೀರು, ಮೆತ್ತನೆಯ ಬಟ್ಟೆ, ಸಾಕು. ಹಳ್ಳದ ಕಪ್ಪನ್ನು ತಿಕ್ಕಿ ತೆಗೆಯಬೇಡಿ, ಚಿತ್ರ ಎದ್ದು ಕಾಣುವುದೇ ಅದರಿಂದ. ಒಲೆಕಟ್ಟೆಯ ಮೇಲೆ ಬಿಚ್ಚಿಡಬೇಡಿ, ಯಾಕೆಂದು ಇನ್ನು ಹೇಳಬೇಕಿಲ್ಲ. ಹೊಸೆದ ಕಡಗ ದಿನವೂ ನನ್ನ ಕೈಯಲ್ಲಿದೆ. 18 ಪೌಂಡ್‌ಗೆ ಅದು ಅಗ್ಗವೇ. ಸುರುಳಿಯದ್ದು ಹತ್ತಿ ಸೀರೆಗೆ ಒಪ್ಪುತ್ತದೆ, ರೇಷ್ಮೆಗೆ ಒಪ್ಪುವುದಿಲ್ಲ. ಗಂಟಿನ ಕಡಗವನ್ನು ಮತ್ತೆ ತರಿಸಬೇಕೆಂಬ ಆಸೆ ಮಾತ್ರ ಹೋಗಿಲ್ಲ. ಈ ಸಲ ಅಂಗಡಿಗೆ ಹೋಗುವಾಗ ಹಲ್ಲುಕಡ್ಡಿ ತೆಗೆದುಕೊಂಡು ಹೋಗು ಎಂದು ಮಗಳಿಗೆ ಹೇಳಿದ್ದೇನೆ.