ಮಳೆಗಾಲದ ಮಂಗಳೂರಿನಲ್ಲಿ ವಾಹಕ ನೂಲಿನ ಕಿಟ್

ಹಂಪನಕಟ್ಟೆಯ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯೊಂದರ ಮೂಲಕ ತರಿಸಿಕೊಂಡ, ಹತ್ತಿ ನೂಲನ್ನು ವಿದ್ಯುತ್ ಹರಿಸುವಂತೆ ಮಾಡುವ ಈ ಕಿಟ್‌ನಲ್ಲಿ ಕಡುನೀಲಿ ಬಣ್ಣದ ಪೆಡಾಟ್-ಪಿಎಸ್‌ಎಸ್ ದ್ರಾವಣ (ವಿದ್ಯುತ್ ಹರಿಸುವ ಪೆಡಾಟ್ ಮತ್ತು ಅದನ್ನು ನೀರಿನಲ್ಲಿ ಬೆರೆತಿರುವಂತೆ ಮಾಡುವ ಪಿಎಸ್‌ಎಸ್ ಎಂಬ ಎರಡು ಪಾಲಿಮರ್‌ಗಳ, ಅಂದರೆ ಉದ್ದ ಸರಪಳಿಯಂಥ ಅಣುಗಳ, ಮಿಶ್ರಣ), ಎಥಿಲೀನ್ ಗ್ಲೈಕಾಲ್ ಮತ್ತು ಹತ್ತಿ ನೂಲಿನ ಉಂಡೆ ಇವೆ. ಪಾಲಿಮರ್ ಕೂಡ ಲೋಹದಂತೆ ವಿದ್ಯುತ್ ಹರಿಸಬಲ್ಲದು ಎಂಬುದನ್ನು 1977ರಲ್ಲಿ ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೋಡಿನ್ ಸೇರಿಸಿ ತೋರಿಸಿಕೊಟ್ಟ ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಕಾವ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಆ ವಿಜ್ಞಾನ ಇಂದು ಮನೆಯ ಮೇಜಿಗೆ ಬಂದಿರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ನೂಲನ್ನು ಮೊದಲು ಸೋಪಿನ ನೀರಿನಲ್ಲಿ ಕುದಿಸಿ ಹತ್ತಿಯ ಮೇಣದಂಶವನ್ನು ತೆಗೆಯದಿದ್ದರೆ ದ್ರಾವಣ ಒಳಗಿಳಿಯುವುದಿಲ್ಲ. ಇಷ್ಟು ಮುಖ್ಯವಾದ ಹಂತವನ್ನು ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿರುವುದು ಸರಿಯಲ್ಲ. ಅದ್ದಿ, ಕೈಗವಸು ತೊಟ್ಟ ಬೆರಳುಗಳ ನಡುವೆ ಹಿಂಡಿ, ಒಣಗಿಸಿ, ಮತ್ತೆ ಅದ್ದುತ್ತ ಹೋದಂತೆ ನೂಲು ನೀಲಿಗಪ್ಪಾಗಿ ಸ್ವಲ್ಪ ಬಿರುಸಾಗುತ್ತದೆ, ಮಲ್ಟಿಮೀಟರಿನಲ್ಲಿ ಅಳೆದರೆ ರೋಧವೂ (ವಿದ್ಯುತ್ ಹರಿವಿಗೆ ಇರುವ ತಡೆ) ಇಳಿಯುತ್ತ ಬರುತ್ತದೆ. ಗ್ಲೈಕಾಲ್ ಬೆರೆಸಿದಾಗ ಈ ಇಳಿಕೆ ಇನ್ನೂ ಹೆಚ್ಚು, ಏಕೆಂದರೆ ಅದು ವಿದ್ಯುತ್ ಹರಿಸದ ಪಿಎಸ್‌ಎಸ್ ಭಾಗವನ್ನು ಬೇರ್ಪಡಿಸಿ ಪೆಡಾಟ್ ಸರಪಳಿಗಳು ಪರಸ್ಪರ ಹತ್ತಿರವಾಗಲು ನೆರವಾಗುತ್ತದೆ. ಗ್ಲೈಕಾಲ್ ವಿಷಕಾರಿಯಾದ್ದರಿಂದ ಅಡುಗೆ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸಲೇಬಾರದು.

ನಮ್ಮ ಕರಾವಳಿಯವರಿಗೆ ಹೇಳಲೇಬೇಕಾದದ್ದು ತೇವದ ವಿಷಯ. ಪಿಎಸ್‌ಎಸ್ ಗಾಳಿಯ ನೀರನ್ನು ಹೀರಿ ಉಬ್ಬುತ್ತದೆ. ಜುಲೈ ತಿಂಗಳ ಹವೆಯಲ್ಲಿ ತೆರೆದಿಟ್ಟ ನೂಲಿನ ರೋಧದ ಅಳತೆ ಸ್ಥಿರವಾಗಿ ನಿಲ್ಲಲಿಲ್ಲ, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿ ಮುಚ್ಚಿಟ್ಟದ್ದು ಚೆನ್ನಾಗಿಯೇ ಉಳಿಯಿತು. ಆದರೂ ಕಿಟ್‌ನಲ್ಲಿ ಸಿಲಿಕಾ ಜೆಲ್ ಕೊಟ್ಟಿಲ್ಲ.

ಬಟ್ಟೆಯಲ್ಲಿ ಎಲ್‌ಇಡಿ ಬೆಳಗಿಸುವುದಷ್ಟೇ ಉದ್ದೇಶವಾದರೆ ಬೆಳ್ಳಿ ಲೇಪಿತ ನೈಲಾನ್ ದಾರವೇ ಉತ್ತಮ. ಸ್ಪರ್ಶ ಸಂವೇದಕ ಮಾಡಲು, ಅದಕ್ಕಿಂತ ಮುಖ್ಯವಾಗಿ ಇದರ ರಸಾಯನವನ್ನು ಕೈಯಾರೆ ಮಾಡಿ ಕಲಿಯಲು ಬಯಸುವ ವಿದ್ಯಾರ್ಥಿಗಳು ಈ ಕಿಟ್ಟನ್ನು ಧೈರ್ಯವಾಗಿ ಕೊಳ್ಳಬಹುದು.