ವಿಲ್ಲಾ, ಹಳೇ ಹಂಚಿನ ಮನೆ, ಕಟ್ಟಿಸಿದ ಮನೆ: ಮೂರರಲ್ಲೂ ಮಳೆಗಾಲ ಕಳೆದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ ಕಡೆ ಈಗ ಯಾರು ಸಿಕ್ಕಿದರೂ ಇದೇ ಮಾತು. ಕಟ್ಟಿಸುವುದಾ, ಕಟ್ಟಿದ್ದನ್ನೇ ತೆಗೆದುಕೊಳ್ಳುವುದಾ? ನಾವು ಮೊದಲು ಕಾಸರಗೋಡು ಪೇಟೆ ಹತ್ತಿರ ಒಂದು ವಿಲ್ಲಾದಲ್ಲಿ ಬಾಡಿಗೆಗಿದ್ದೆವು. ಆಮೇಲೆ ನೀರ್ಚಾಲು ಕಡೆ ಅಜ್ಜನ ಕಾಲದ ಹಂಚಿನ ಮನೆಯನ್ನು ರಿಪೇರಿ ಮಾಡಿಸಿ ಅಲ್ಲಿದ್ದೆವು, ಈಗ ಅದೇ ತೋಟದ ಮೇಲಿನ ತಟ್ಟಿನಲ್ಲಿ ನಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡಿದ್ದೇವೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು, ಹಾಗಾಗಿ ಮೂರನ್ನೂ ನಾನು ಅಳೆಯುವುದು ಜೋರು ಮಳೆಯ ಆಟಿ ತಿಂಗಳ (ಜುಲೈ-ಆಗಸ್ಟ್) ಲೆಕ್ಕದಲ್ಲಿ.

ವಿಲ್ಲಾದ ದೊಡ್ಡ ಲಾಭ, ಕೀಲಿಕೈ ತೆಗೆದುಕೊಂಡು ಒಳಗೆ ಹೋದರಾಯಿತು. ರಸ್ತೆ, ನೀರು, ಕರೆಂಟು ಎಲ್ಲ ಇರುತ್ತದೆ. ಆದರೆ ನಾವಿದ್ದ ಮನೆಗೆ ಪಡುವಣ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿ, ಮೇಲೆ ಹೆಸರಿಗಷ್ಟೇ ಸಜ್ಜಾ. ಜೂನ್ ಕಳೆಯುವಷ್ಟರಲ್ಲಿ ಕಿಟಕಿಯ ಕೆಳಗೆ ಬಣ್ಣ ಉಬ್ಬಿ, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಬಟ್ಟೆ ಒಣಗಿಸಲು ಸೂರು ಎಂಬುದೇ ಇಲ್ಲ. ದುಡ್ಡಿನ ಲೆಕ್ಕವನ್ನೂ ಸರಿಯಾಗಿ ನೋಡಿ. ಕೇರಳದಲ್ಲಿ ರಿಜಿಸ್ಟ್ರೇಶನ್ನಿಗೆ 8 ಶೇಕಡಾ ಮುದ್ರಾಂಕ, 2 ಶೇಕಡಾ ಫೀಸು. ಇದು ಜಾಗಕ್ಕೆ ಮಾತ್ರವಲ್ಲ, ಕಟ್ಟಡದ ಬೆಲೆಗೂ ಬೀಳುತ್ತದೆ. ಸ್ವಂತ ಜಾಗದಲ್ಲಿ ಕಟ್ಟಿಸಿದರೆ ಈ ಖರ್ಚು ಇಲ್ಲವೇ ಇಲ್ಲ. ಎಂಟಕ್ಕಿಂತ ಜಾಸ್ತಿ ಮನೆಗಳ ಪ್ರಾಜೆಕ್ಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಕೇಳದೆ ಅಡ್ವಾನ್ಸ್ ಕೊಡಬೇಡಿ.

ಹಳೇ ಮನೆ ನನಗೆ ತುಂಬಾ ಇಷ್ಟವಾಗಿತ್ತು, ಈಗಲೂ ಇಷ್ಟ. ದಪ್ಪ ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಮೇಲೆ ಮಂಗಳೂರು ಹಂಚು, ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನ್ ಇಲ್ಲದೆ ಚಾವಡಿಯಲ್ಲಿ ಮಲಗಬಹುದು. ಕಷ್ಟ ಇರುವುದು ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ. ಕೆಳಗಿನಿಂದ ನೋಡುವಾಗ ಹಂಚು ಹೊರುವ ಮರದ ಪಕ್ಕಾಸುಗಳೆಲ್ಲ ಗಟ್ಟಿಯಾಗಿಯೇ ಕಾಣುತ್ತಿದ್ದವು. ಹಂಚು ಇಳಿಸಿದ ಮೇಲೆ ಮರದ ಕೆಲಸದ ಆಚಾರಿ ಅವು ಗೋಡೆಗೆ ಕೂರುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರು, ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಮರ, ಒಳಗೆಲ್ಲ ಗೆದ್ದಲಿನ ಮಣ್ಣು. ಹಾಗಾಗಿ ರಿಪೇರಿಗೆ ಎಷ್ಟಾಗುತ್ತದೆ ಎಂದು ಹಂಚು ಇಳಿಸುವ ಮೊದಲು ಯಾರೂ ಹೇಳಲಾರರು. ಪಕ್ಕಾಸು ಚೆನ್ನಾಗಿದ್ದರೆ ಮಾತ್ರ ರಿಪೇರಿಯೇ ಅಗ್ಗ. ಹಳೇ ಮನೆಯನ್ನು ಸುಮ್ನೆ ಕೆಡವುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಮ್ಮನಿಗೆ ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗುವುದು ಕಷ್ಟ ಆಯಿತು, ನಾವು ಹೊಸತು ಕಟ್ಟಲು ಹೊರಟದ್ದು ಅದಕ್ಕೇ.

ಕಟ್ಟಿಸುವುದರಲ್ಲಿ ಮೊದಲ ಕೆಲಸ ಪ್ಲಾನ್ ಬರೆಸುವುದಲ್ಲ, ವಿಲ್ಲೇಜ್ ಆಫೀಸಿಗೆ ಹೋಗುವುದು. 2008ರ ಗದ್ದೆ ಸಂರಕ್ಷಣೆ ಕಾನೂನಿನ ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ನಿಮ್ಮ ಸರ್ವೆ ನಂಬರ್ ಇದ್ದರೆ ಪಂಚಾಯತಿನಿಂದ ಪರ್ಮಿಟ್ ಸುಲಭಕ್ಕೆ ಸಿಗುವುದಿಲ್ಲ. ಈಗ ಅಡಿಕೆ ತೋಟವಾಗಿದ್ದರೂ ನಂಬರ್ ಅಲ್ಲಿ ಉಳಿದಿರಬಹುದು, ತೆಗೆಸಲು ಫಾರಂ 5 ಹಾಕಿ ಕಂದಾಯ ಅಧಿಕಾರಿಯ ತೀರ್ಮಾನಕ್ಕೆ ಕಾಯಬೇಕು. ಇನ್ನೊಂದು, 3000 ಚದರ ಅಡಿ ದಾಟಿದರೆ ವರ್ಷ ವರ್ಷ ಬೇರೆ ತೆರಿಗೆ ಇದೆ. ಅಷ್ಟು ದೊಡ್ಡ ಮನೆ ಗುಡಿಸುವವರು ಯಾರು ಅಂತ ಮನೆಯವರನ್ನೇ ಕೇಳಿ.

ಚದರ ಅಡಿ ಲೆಕ್ಕದಲ್ಲಿ ಪೂರ್ತಿ ಕಾಂಟ್ರಾಕ್ಟ್ ಕೊಡುವುದು ಒಂದು ದಾರಿ. ನಾವು ಕೂಲಿ ಮಾತ್ರ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನಾವೇ ತರಿಸಿದೆವು. ಇದರಲ್ಲಿ ಕಲ್ಲು ಆರಿಸುವ ಅಧಿಕಾರ ನಮ್ಮದು. ಮುರಕಲ್ಲಿನ ಮೈಯಲ್ಲಿ ಬಿಳಿ ಜೇಡಿ ಜಾಸ್ತಿ ಕಂಡರೆ ಅದು ನೀರು ಹೀರುವ ಕಲ್ಲು, ಲೋಡು ಇಳಿಸುವಾಗಲೇ ಪಕ್ಕಕ್ಕಿಡಿ. ಆದರೆ ಮನೆಯ ಒಬ್ಬರು ದಿನಾ ಸೈಟಿನಲ್ಲಿರಬೇಕು, ಸ್ಲಾಬಿಗೆ ನೀರು ಕಟ್ಟಿ ನಿಲ್ಲಿಸಿದ್ದಾರಾ ಎಂದು ನೋಡುವುದಕ್ಕಾದರೂ. ಗಂಡ ಹೆಂಡತಿ ಇಬ್ಬರೂ ಮಂಗಳೂರಿಗೆ ಕೆಲಸಕ್ಕೆ ಹೋಗುವವರಾದರೆ ಇದು ಬೇಡ, ಕಟ್ಟಿ ಮುಗಿದ ವಿಲ್ಲಾವನ್ನೇ ಒಂದು ಮಳೆಗಾಲದಲ್ಲಿ ಹೋಗಿ ನೋಡಿ ತೆಗೆದುಕೊಳ್ಳಿ.

ನಮ್ಮ ಹೊಸ ಮನೆಗೆ ಪಡುವಣಕ್ಕೆ ಅಗಲ ಜಗಲಿ, ಅದರ ಮೇಲೆ ಮೂರು ಅಡಿ ಹೊರಗೆ ಚಾಚಿದ ಸೂರು. ಗೋಡೆಗೆ ಮಳೆಯ ಏಟು ಬೀಳುವುದೇ ಇಲ್ಲ. ಸ್ಲಾಬಿನ ಮೇಲೆ ಶೀಟಿನ ಟ್ರಸ್ (ಚೌಕಟ್ಟಿನ ಮೇಲಿನ ಶೀಟಿನ ಮಾಡು) ಹಾಕಿಸಿದ್ದರಿಂದ ಸೋರುವ ಚಿಂತೆಯೂ ಇಲ್ಲ, ಬಟ್ಟೆಯೂ ಅಡಿಕೆಯೂ ಅಲ್ಲೇ ಒಣಗುತ್ತವೆ. ಅಮ್ಮನ ಕೋಣೆಗೆ ತಾಗಿಯೇ ಬಚ್ಚಲು. ಕೈಯಲ್ಲಿ ಜಾಗ ಇದ್ದು, ಲಾರಿ ಬರುವಷ್ಟು ದಾರಿಯೂ ಇದ್ದು, ನಿಂತು ನೋಡಿಕೊಳ್ಳುವವರು ಒಬ್ಬರಿದ್ದರೆ ಕಟ್ಟಿಸಿಯೇ ಬಿಡಿ. ಪರ್ಮಿಟ್ ಮಳೆಗಾಲದಲ್ಲೇ ಮಾಡಿಸಿಟ್ಟು ದೀಪಾವಳಿ ಕಳೆದ ಕೂಡಲೇ ಪಂಚಾಂಗ (ಅಡಿಪಾಯ) ಹಾಕಿದರೆ ಮೇ ಕೊನೆಯ ಪತ್ತನಾಜೆಯೊಳಗೆ ಮೇಲಿನ ಸ್ಲಾಬ್ ಮುಗಿಯುತ್ತದೆ, ಒಳಗಿನ ಗಾರೆ ಕೆಲಸ ಮಳೆಯಲ್ಲೂ ಮಾಡಬಹುದು.